ಖಾರವಲ್ಲ ಬಣ್ಣ, ಸದ್ದಲ್ಲ ಗುರಿ

ಹುಬ್ಬಳ್ಳಿಯಿಂದ ದಾವಣಗೆರೆಯತ್ತ ಹೊರಟ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದರ ಹಿಂದೊಂದು ದಾಟುತ್ತದೆ. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮಾರುಕಟ್ಟೆಗೆ ಕಾಲಿಟ್ಟ ಹೊಸಬರಿಗೆ ಸೀನು ತಪ್ಪದು. ಕಣ್ಣು ಹಾಯಿಸಿದಷ್ಟೂ ಕೆಂಪು. ಆದರೆ ಇಲ್ಲಿ ಬೆಲೆ ಕಟ್ಟುವುದು ಖಾರಕ್ಕಲ್ಲ, ಬಣ್ಣಕ್ಕೆ. ಸುಕ್ಕುಗಟ್ಟಿದ ಡಬ್ಬಿ, ಕಡ್ಡಿ ಮೆಣಸಿನಕಾಯಿಗಳಲ್ಲಿ ಘಾಟು ಕಡಿಮೆ, ರಂಗು ಹೆಚ್ಚು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕಾಯಿಯ ಸಾರ ತುಟಿರಂಗಿನ ತಯಾರಿಕೆಗೂ ಹೋಗುತ್ತದೆ.

ಕಡಿಮೆ ಖಾರದಲ್ಲಿ ಹೆಚ್ಚು ಗುಣ ಎಂಬ ಈ ಲೆಕ್ಕ ಮೆಣಸಿನಕಾಯಿಗೆ ಎಷ್ಟು ಸರಿಯೋ, ಗುರಿ ಹೊಡೆಯುವ ಆಟಕ್ಕೂ ಅಷ್ಟೇ ಸರಿ.

ಗುಲಗಂಜಿಯ ಲೆಕ್ಕ

ರಿವಾಲ್ವರ್ ಎಂದೊಡನೆ ಹುಡುಗರಿಗೆ ನೆನಪಾಗುವುದು ಸಿನಿಮಾದ ಢಂ ಢಂ ಸದ್ದು. ಸ್ಪರ್ಧೆಯ ಮೈದಾನದಲ್ಲಿ ಕಥೆಯೇ ಬೇರೆ. 25 ಮೀಟರ್ ದೂರದ ಸೆಂಟರ್ ಫೈರ್ ಸ್ಪರ್ಧೆಯಲ್ಲಿ 60 ಗುಂಡು ಹೊಡೆಯಬೇಕು. ಅದರ ಮೊದಲ ಹಂತದಲ್ಲಿ 10 ಅಂಕದ ವೃತ್ತದ ಅಗಲ ಬರೀ 50 ಮಿಲಿಮೀಟರ್. ಮದ್ದು ಹೆಚ್ಚಾದರೆ ಆಯುಧ ಕೈಯನ್ನು ಒದೆಯುತ್ತದೆ, ಮಣಿಕಟ್ಟು ದಣಿಯುತ್ತದೆ, ಗುರಿ ತಪ್ಪುತ್ತದೆ. ಅದಕ್ಕೆಂದೇ ಸ್ಪರ್ಧಿಗಳು ಹಗುರ ಮದ್ದಿನ ತೋಟಾ ಬಯಸುತ್ತಾರೆ. ಅದರ ಗುಂಡಿನ ಮೂತಿ ಚಪ್ಪಟೆ. ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸುವುದರಿಂದ ಅಂಕ ಎಣಿಸುವವರಿಗೆ ತಕರಾರಿಲ್ಲ.

ಅಮೆರಿಕದಂಥ ದೇಶಗಳಲ್ಲಿ ಹವ್ಯಾಸಿಗಳು ಇಂಥ ತೋಟಾಗಳನ್ನು ತಾವೇ ತುಂಬಿಕೊಳ್ಳುವುದುಂಟು. ಅಲ್ಲಿ ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ 0.065 ಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧ ತೂಕ. ಹಗುರವೆಂದರೆ ಅಪಾಯವಿಲ್ಲವೆಂದು ಮಾತ್ರ ಅರ್ಥವಲ್ಲ. ಮದ್ದು ತೀರಾ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ತಿಳಿಯದೆ ಮತ್ತೊಂದು ಹೊಡೆದರೆ ನಳಿಗೆಯೇ ಸೀಳಬಹುದು. ಒಂದೇ ತೋಟಾಕ್ಕೆ ಮರೆತು ಎರಡು ಸಲ ಮದ್ದು ಬಿದ್ದರೂ ಕಣ್ಣಿಗೆ ಕಾಣದು. ಹಾಗಾಗಿ ಅದು ಮನೆಯ ಆಟವಲ್ಲ. ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಮೋಟೆಬೆನ್ನೂರಿನ ಹುಡುಗ

ಗುಂಡಿನ ಭಾರ ಎಷ್ಟೆಂಬುದು ಈ ಸೀಮೆಗೆ ಚೆನ್ನಾಗಿ ಗೊತ್ತು. ಬ್ಯಾಡಗಿಗೆ ಹತ್ತಿರದ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದಾಗ ಇನ್ನೂ ಹದಿಹರೆಯದ ಹುಡುಗ. ಪತ್ನಿ ಸಿದ್ದಮ್ಮನವರೂ ಚಳವಳಿಗಿಳಿದು ಜೈಲು ಕಂಡವರು. ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯ ದೇವಸ್ಥಾನದಲ್ಲಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಅವರು ಬಲಿಯಾದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಜೊತೆಯಲ್ಲೇ ಹುತಾತ್ಮರಾದರು. ಹಾವೇರಿಯಲ್ಲಿ ಅವರ ನೆನಪಿಗೆ ವೀರಸೌಧವಿದೆ. ಸಿದ್ಧೇಶ್ವರ ಗುಡಿಯ ಚಾಲುಕ್ಯ ಶಿಲ್ಪ ನೋಡಲು, ಏಲಕ್ಕಿ ಹಾರ ಕೊಳ್ಳಲು ಹಾವೇರಿಗೆ ಬಂದವರು ಮಕ್ಕಳೊಡನೆ ಅಲ್ಲಿಗೂ ಹೋಗಬೇಕು. ಒಂದು ಗುಂಡು ಹಾರಿದ ಮೇಲೆ ಹಿಂದಕ್ಕೆ ಬಾರದು ಎಂಬ ಪಾಠಕ್ಕೆ ಬೇರೆ ಪುಸ್ತಕ ಬೇಡ.

ಚಿಗರಿಯ ಬಯಲು

ರೈಲು ರಾಣೆಬೆನ್ನೂರು ತಲುಪಿದರೆ ಇನ್ನೊಂದು ಪಾಠ. ಊರವರು ಚಿಗರಿ ಎನ್ನುವ ಕೃಷ್ಣಮೃಗಗಳಿಗಾಗಿ 1974ರಲ್ಲಿ ಇಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಅದಕ್ಕೂ ಎರಡು ವರ್ಷ ಮೊದಲು, 1972ರ ವನ್ಯಜೀವಿ ಕಾಯ್ದೆ ಶಿಕಾರಿಗೆ ತಡೆ ಹಾಕಿತ್ತು. ಚಿಗರಿ ಹೊಲಕ್ಕೆ ನುಗ್ಗಿ ಬೆಳೆ ಮೇಯುತ್ತದೆ. ರೈತನ ಸಂಕಟ ಸುಳ್ಳಲ್ಲ. ಆದರೂ ಅದರ ಮೇಲೆ ಕೋವಿ ಎತ್ತುವಂತಿಲ್ಲ. ಗುರಿ ಹಿಡಿಯುವ ಕೈಗೆ ಎಲ್ಲಿ ಹಿಡಿಯಬಾರದೆಂಬ ತಿಳಿವಳಿಕೆಯೂ ಬೇಕು.

ಹಾಗಾದರೆ ಮಗನಿಗೋ ಮಗಳಿಗೋ ಗುರಿಯ ಹಂಬಲವಿದ್ದರೆ ತಂದೆ-ತಾಯಿ ಏನು ಮಾಡಬೇಕು? ಬೈದು ಕೂರಿಸಬೇಕಾಗಿಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಪಾಯಿಂಟ್ 22 ರೈಫಲಿನ ತರಬೇತಿ ಶಿಸ್ತಿನಲ್ಲೇ ಸಿಗುತ್ತದೆ. 10 ಮೀಟರ್ ಏರ್ ಪಿಸ್ತೂಲಿನಲ್ಲಿ ಮದ್ದೇ ಇಲ್ಲ. ಗಾಳಿಯ ಒತ್ತಡ, 4.5 ಮಿಲಿಮೀಟರಿನ ಪುಟ್ಟ ಗುಂಡು, 11.5 ಮಿಲಿಮೀಟರಿನ ಗುರಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೋ ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲ್ ಸ್ಪರ್ಧೆಯಲ್ಲಿ ನಿಂತರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಏರ್ ಪಿಸ್ತೂಲಿನಿಂದಲೇ.

ಉಸಿರು ಬಿಗಿಹಿಡಿದು, ಬೆರಳನ್ನು ಮೆಲ್ಲಗೆ ಒತ್ತುವ ಆ ಗಳಿಗೆಗೆ ಬಲಕ್ಕಿಂತ ಹದ ಬೇಕು. ಬ್ಯಾಡಗಿಯ ರೈತ ಕೆಂಪು ಕಾಯಿಯನ್ನು ಅಂಗೈಯಲ್ಲಿಟ್ಟು ತೋರಿಸುವಾಗ ಹೇಳುವುದೂ ಅದನ್ನೇ: ಘಾಟು ನೋಡಬೇಡಿ, ಬಣ್ಣ ನೋಡಿ.