ಹಳೇ ಬಿಲ್ಲಿಗೆ ಹೊಸ ಹೆದೆ

ಬಿಲ್ಲಿಗೆ ಹೆದೆ ಏರಿಸೋದು ಅಂದ್ರೆ ನನಗೆ ಗೊತ್ತಿದ್ದಿದ್ದು ಎರಡೇ. ಒಂದು, ಸೀತಾ ಸ್ವಯಂವರದಲ್ಲಿ ರಾಮ ಏರಿಸಿದ್ದು. ಇನ್ನೊಂದು, ಟೀವಿಯಲ್ಲಿ ಎಷ್ಟೋ ಸಲ ನೋಡಿದ ‘ಬೇಡರ ಕಣ್ಣಪ್ಪ’ದಲ್ಲಿ ಅಣ್ಣಾವ್ರ ಕೈಲಿದ್ದ ಬಿಲ್ಲು. ಮೂರನೆಯದನ್ನು ಕಲಿಯೋಕೆ ಅಮೆರಿಕದ ಮಿಷಿಗನ್ ರಾಜ್ಯದ ಗ್ರೇಲಿಂಗ್ ಅನ್ನೋ ಪುಟ್ಟ ಊರಿಗೆ ಹೋಗಬೇಕಾಯ್ತು. ಅದೂ ನಾನೇ ಮಾಡಿಕೊಂಡ ಒಂದು ಎಡವಟ್ಟಿನಿಂದ.

ನಾನಿರೋದು ಡೆಟ್ರಾಯ್ಟ್ ಪಕ್ಕದ ನೋವೈಯಲ್ಲಿ. ಕೆಲಸ ಸಾಫ್ಟ್‌ವೇರ್. ಬಾಡಿಗೆಗೆ ಇರೋದು ಒಬ್ಬ ಹಿರಿಯರ ಮನೆಯ ಮಹಡಿಯಲ್ಲಿ. ಅವರಿಗೆ ಎಪ್ಪತ್ತು ದಾಟಿದೆ. ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುವಾಗ ನಾನು ಅವರನ್ನು ‘ಓನರ್ ಅಜ್ಜ’ ಅಂತಲೇ ಕರೆಯೋದು. ಮೊದಲ ಚಳಿಗಾಲದಲ್ಲಿ ಹಿಮ ಎತ್ತೋದು ಹೇಗೆ ಅಂತ ಹೇಳಿಕೊಟ್ಟವರು ಅವರೇ. ಬೆಳಗ್ಗೆ ಆರಕ್ಕೆ ನನ್ನ ಕಾರಿನ ಬ್ಯಾಟರಿ ಸತ್ತಾಗ ನೈಟ್ ಡ್ರೆಸ್ಸಿನಲ್ಲೇ ಬಂದು ಸ್ಟಾರ್ಟ್ ಮಾಡಿಕೊಟ್ಟಿದ್ದರು.

ಕಳೆದ ಆಗಸ್ಟ್‌ನಲ್ಲಿ ಅವರಿಗೆ ಮಂಡಿ ಆಪರೇಷನ್ ಆಯ್ತು. ದಿನಸಿ ತರೋದು, ಕಸ ಹೊರಗಿಡೋದು ನನ್ನ ಪಾಲಿಗೆ ಬಂತು. ಒಂದು ಸಂಜೆ ನನ್ನನ್ನು ಕರೆದು, ‘ನೆಲಮಾಳಿಗೆಯಲ್ಲಿ ಒಂದು ಉದ್ದನೆಯ ಬಟ್ಟೆ ಚೀಲ ಇದೆ, ತಂದುಕೊಡ್ತೀಯಾ?’ ಅಂದರು.

ಚೀಲದಲ್ಲಿ ಇದ್ದಿದ್ದು ಬಿಲ್ಲು. ಮರ ಮತ್ತು ಫೈಬರ್‌ಗ್ಲಾಸ್ ಪದರಗಳನ್ನು ಅಂಟಿಸಿ ಮಾಡಿದ್ದು, ತುದಿಗಳು ಮುಂದಕ್ಕೆ ಬಾಗಿದ್ದವು. ಬೇರ್ ಕಂಪನಿಯ ‘ಗ್ರಿಜ್ಲಿ’. 1970ರ ದಶಕದ ಶುರುವಿನಲ್ಲಿ ಅವರ ತಂದೆ ಕೊಂಡಿದ್ದಂತೆ. ಈಗ ಅವರ ಮೊಮ್ಮಗಳಿಗೆ ಹತ್ತೊಂಬತ್ತು ವರ್ಷ. ಕಾಲೇಜಿನಲ್ಲಿ ಬಿಲ್ಲುವಿದ್ಯೆ ಕಲಿತಿದ್ದಾಳೆ. ಈ ವರ್ಷ ಮೊದಲ ಸಲ ಜಿಂಕೆ ಬೇಟೆಗೆ ಹೋಗ್ತಾಳೆ, ಮುತ್ತಜ್ಜನ ಬಿಲ್ಲೇ ಬೇಕು ಅಂತ ಹಟ ಹಿಡಿದಿದ್ದಾಳೆ. ಮಿಷಿಗನ್‌ನಲ್ಲಿ ಬಿಲ್ಲಿನ ಬೇಟೆ ಶುರುವಾಗೋದು ಅಕ್ಟೋಬರ್ 1ಕ್ಕೆ.

‘ಬಿಲ್ಲು ಚೆನ್ನಾಗಿದೆ. ಹೆದೆ ಮಾತ್ರ ಹೋಗಿದೆ’ ಅಂದರು. ನೋಡಿದರೆ ಕುಣಿಕೆಯ ಹತ್ತಿರ ಎಳೆಗಳು ಹತ್ತಿಯ ಹಾಗೆ ಎದ್ದಿದ್ದವು, ಎರಡು ಎಳೆ ತುಂಡಾಗಿತ್ತು.

ಅಜ್ಜನಿಗೆ ಏನಾದರೂ ಕೊಡಬೇಕು ಅಂತ ಮನಸ್ಸಿನಲ್ಲಿತ್ತು. ಆ ರಾತ್ರಿಯೇ ಆನ್‌ಲೈನ್‌ನಲ್ಲಿ ಹುಡುಕಿದೆ. ನಾವು ಫೋನ್ ಕೊಳ್ಳೋ ಹಾಗೇ: ರೇಟಿಂಗ್ ಜಾಸ್ತಿ ಇರೋದು, ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ವೇಗ, ಒಂಚೂರೂ ಹಿಗ್ಗಲ್ಲ. ಬಿಲ್ಲಿನ ಮೇಲೆ 58 ಇಂಚು ಅಂತ ಬರೆದಿತ್ತು, 58 ಇಂಚಿನ ಹೆದೆಯನ್ನೇ ಆರ್ಡರ್ ಮಾಡಿದೆ. ಒಂದೇ ಕ್ಲಿಕ್ಕಿನಲ್ಲಿ ಎರಡು ತಪ್ಪು ಮಾಡಿದ್ದೀನಿ ಅಂತ ಆಗ ಗೊತ್ತಿರಲಿಲ್ಲ.

ಪ್ಯಾಕೆಟ್ ಬಂತು. ಅಜ್ಜ ಕನ್ನಡಕ ಏರಿಸಿ ಓದಿದರು. ಥ್ಯಾಂಕ್ಸ್ ಹೇಳಿ ಡ್ರಾಯರಿನಲ್ಲಿಟ್ಟರು. ಆಮೇಲೆ, ‘ಶನಿವಾರ ಬಿಡುವಿದೆಯಾ? ಗ್ರೇಲಿಂಗ್‌ಗೆ ಹೋಗಿಬರೋಣ. ಕಾರು ನೀನೇ ಓಡಿಸಬೇಕು’ ಅಂದರು. ಅಲ್ಲಿ ಅವರದೊಂದು ಮರದ ಪುಟ್ಟ ಮನೆಯಿದೆ, ಮೊಮ್ಮಗಳೂ ಅಲ್ಲಿಗೇ ಬರುವವಳಿದ್ದಳು.

ಸೆಪ್ಟೆಂಬರಿನ ಮೊದಲ ವಾರ. ಫ್ಲಿಂಟ್ ದಾಟಿ ಐ-75 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗ್ತಾ ಇದ್ದರೆ ಮೊದಲು ಊರುಗಳು, ಆಮೇಲೆ ಜೋಳದ ಹೊಲಗಳು. ಬೇ ಸಿಟಿ ಕಳೆದ ಮೇಲೆ ಎರಡೂ ಬದಿ ಕಾಡು. ರಸ್ತೆ ಬದಿಯಲ್ಲಿ ಸತ್ತ ಜಿಂಕೆಗಳು ಕಂಡವು. ಈ ರಾಜ್ಯದಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಕಾರುಗಳು ಜಿಂಕೆಗೆ ಡಿಕ್ಕಿ ಹೊಡೀತವೆ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ನಮ್ಮದು ತೀರ್ಥಹಳ್ಳಿ ಕಡೆಯ ಮನೆ, ಒಳಗೆ ಮೊಟ್ಟೆ ಕೂಡ ಬರಲ್ಲ. ಶಿಕಾರಿ ಕಥೆಗಳನ್ನು ಬೇಕಾದಷ್ಟು ಕೇಳಿದ್ದೀನಿ, ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅವೆಲ್ಲ ಕಥೆಗಳೇ. ಬೇಟೆಗೆ ಸಹಾಯ ಮಾಡೋಕೆ ಹೊರಟಿದ್ದೀನಲ್ಲ ಅನ್ನೋ ಕಸಿವಿಸಿ ದಾರಿಯುದ್ದಕ್ಕೂ ಇತ್ತು. ಅಜ್ಜನಿಗೆ ಹೇಳಿಯೂ ಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ‘ಸರಿಯಿಲ್ಲದ ಹೆದೆಯಿಂದ ಬಾಣ ಸರಿಯಾಗಿ ಹೋಗಲ್ಲ. ಪ್ರಾಣಿ ಸಾಯೋದೂ ಇಲ್ಲ, ಬದುಕೋದೂ ಇಲ್ಲ. ಇವತ್ತು ನಾವು ಹೋಗ್ತಿರೋದು ಹಾಗಾಗದೇ ಇರಲಿ ಅಂತ’ ಅಂದರು.

ಮೂರು ಗಂಟೆಯಲ್ಲಿ ಗ್ರೇಲಿಂಗ್ ಬಂತು. ಊರ ಮಧ್ಯೆ ಔ ಸೇಬಲ್ ನದಿ. ತಿಳಿನೀರು, ತಳದ ಕಲ್ಲು ಎಣಿಸಬಹುದು. ಗ್ರೇಲಿಂಗ್ ಅನ್ನೋದು ಒಂದು ಮೀನಿನ ಹೆಸರು. ಒಂದು ಕಾಲದಲ್ಲಿ ಈ ನದಿಯಲ್ಲಿ ತುಂಬಿತ್ತಂತೆ. ಮರ ಕಡಿದು ನದಿಯಲ್ಲಿ ತೇಲಿಬಿಟ್ಟರು, ಮಿತಿಯಿಲ್ಲದೆ ಮೀನು ಹಿಡಿದರು, ಹೊರಗಿನ ಟ್ರೌಟ್ ಮೀನು ತಂದು ಬಿಟ್ಟರು. ಗ್ರೇಲಿಂಗ್ ಮೀನು ಇಲ್ಲವಾಯಿತು.

ಬಿಲ್ಲಿನ ಕಾರ್ಖಾನೆಯ ಕಥೆಯೂ ಹಾಗೇ. ಫ್ರೆಡ್ ಬೇರ್ ಅನ್ನೋರು ಮೊದಲು ನಮ್ಮ ಡೆಟ್ರಾಯ್ಟ್‌ನಲ್ಲೇ ಕಾರು ಉದ್ಯಮದಲ್ಲಿದ್ದವರು. ಆಮೇಲೆ ಬಿಲ್ಲು ಬಾಣ ಮಾಡೋದನ್ನೇ ಕಸುಬು ಮಾಡಿಕೊಂಡು 1947ರಲ್ಲಿ ಗ್ರೇಲಿಂಗ್‌ಗೆ ಬಂದರು. ಅಮೆರಿಕದಲ್ಲಿ ಬಿಲ್ಲಿನ ಬೇಟೆಗೆ ಹೆಸರು ತಂದವರಲ್ಲಿ ಅವರು ದೊಡ್ಡವರು. 1978ರಲ್ಲಿ ಕಂಪನಿ ದೂರದ ಫ್ಲೋರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ‘ಊರಿಗೆ ಹೆಸರು ಕೊಟ್ಟ ಮೀನೂ ಇಲ್ಲ, ಊರಿಗೆ ಹೆಸರು ತಂದ ಕಾರ್ಖಾನೆಯೂ ಇಲ್ಲ. ಇಲ್ಲಿ ಮಾಡಿದ ಬಿಲ್ಲುಗಳು ಮಾತ್ರ ಇವೆ’ ಅಂದರು ಅಜ್ಜ.

ಊರಾಚೆ ಒಂದು ಚಿಕ್ಕ ಅಂಗಡಿ. ಒಳಗೆ ಕಾಲಿಟ್ಟರೆ ಜೇನುಮೇಣದ ವಾಸನೆ. ಗೋಡೆ ತುಂಬಾ ಗಾಲಿ, ಕೇಬಲ್ ಇರುವ ಕಾಂಪೌಂಡ್ ಬಿಲ್ಲುಗಳು. ಅವುಗಳ ಹೆದೆ ಬದಲಿಸೋಕೆ ಬಿಲ್ಲನ್ನು ಪ್ರೆಸ್ ಅನ್ನೋ ಯಂತ್ರದಲ್ಲಿ ಕೂರಿಸಿ ಬಗ್ಗಿಸಬೇಕು. ಮನೆಯಲ್ಲಿ ಕೈ ಹಾಕುವ ಕೆಲಸ ಅಲ್ಲ. ನಮ್ಮದು ಗಾಲಿಯಿಲ್ಲದ ಹಳೇ ಬಿಲ್ಲು.

ಅಂಗಡಿ ನಡೆಸುವವರು ಐವತ್ತರ ಆಸುಪಾಸಿನ ಹೆಂಗಸು. ಬಿಲ್ಲು ಕೈಗೆ ತೆಗೆದುಕೊಂಡವರು ಹೆದೆಯ ಮಾತೇ ಎತ್ತಲಿಲ್ಲ. ಮೊದಲು ಒಂದು ಹತ್ತಿಯುಂಡೆಯನ್ನು ಬಿಲ್ಲಿನುದ್ದಕ್ಕೂ ಸವರಿದರು. ಎಲ್ಲಾದರೂ ಸೀಳು ಬಿಟ್ಟಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತೆ. ಸಿಕ್ಕಿಕೊಳ್ಳಲಿಲ್ಲ. ಆಮೇಲೆ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರು, ತಿರುಚಿದೆಯಾ ಅಂತ. ಕೊನೆಗೆ ಎರಡೂ ತುದಿಯ ಕಚ್ಚುಗಳನ್ನು ಉಗುರಿನಿಂದ ಮುಟ್ಟಿ ನೋಡಿದರು. ‘ಬಿಲ್ಲು ಗಟ್ಟಿಯಾಗಿದೆ. ಯಾವ ಹೆದೆ ತಂದಿದ್ದೀರಿ?’

ಅಜ್ಜ ನನ್ನ ಪ್ಯಾಕೆಟ್ ಮೇಜಿನ ಮೇಲಿಟ್ಟರು. ನನ್ನ ಹೆಸರು ಹೇಳಲಿಲ್ಲ.

‘ಹೆದೆ ಒಳ್ಳೇದೇ. ಆದರೆ ಈ ಬಿಲ್ಲಿಗೆ ಕಟ್ಟಿದರೆ ಬಿಲ್ಲೇ ಹೋಗುತ್ತೆ’ ಅಂದರು ಆಕೆ.

ನಾನು ತಂದಿದ್ದು ಪಾಲಿಎಥಿಲೀನ್ ಜಾತಿಯ ಹೊಸ ನೂಲು. ಬುಲೆಟ್‌ಪ್ರೂಫ್ ಜಾಕೆಟ್‌ಗೂ ಬಳಸುವಂಥದ್ದು. ಹಿಗ್ಗೋದೇ ಇಲ್ಲ ಅನ್ನಬಹುದು. ಅದೇ ತೊಂದರೆ. ಬಾಣ ಬಿಟ್ಟ ತಕ್ಷಣ ಬಿಲ್ಲಿನ ಎರಡು ತೋಳುಗಳು ಜೋರಾಗಿ ಮುಂದಕ್ಕೆ ಹಾರ್ತವೆ. ಅವನ್ನು ಹಿಡಿದು ನಿಲ್ಲಿಸೋದು ಹೆದೆ. ಹೆದೆ ಸ್ವಲ್ಪ ಹಿಗ್ಗಿದರೆ ಆ ಏಟನ್ನು ತಾನು ನುಂಗುತ್ತೆ, ಕಾರಿನ ಶಾಕ್ ಅಬ್ಸಾರ್ಬರ್ ಹಾಗೆ. ಹಿಗ್ಗದಿದ್ದರೆ ಅಷ್ಟೂ ಏಟು ತುದಿಗಳಿಗೆ. ಹೊಸ ಬಿಲ್ಲುಗಳ ತುದಿಯನ್ನು ಇದಕ್ಕೆಂದೇ ಬಲಪಡಿಸಿರ್ತಾರೆ. ಹಳೆಯದರಲ್ಲಿ ಆ ತೆಳ್ಳನೆಯ ಗಟ್ಟಿ ನೂಲು ಕಚ್ಚನ್ನೇ ಕೊರೆದು, ಒಂದು ದಿನ ತುದಿ ಸೀಳಿಬಿಡಬಹುದು.

ಇದಕ್ಕೆ ಬೇಕಾಗಿದ್ದು ಡೇಕ್ರಾನ್. ಹೆಸರು ದೊಡ್ಡದು, ವಸ್ತು ಪಾಲಿಯೆಸ್ಟರ್. ನಮ್ಮಪ್ಪನ ಟೆರಿಕಾಟ್ ಪ್ಯಾಂಟಿನಲ್ಲಿ ಹತ್ತಿಯ ಜೊತೆ ಸೇರಿಸುತ್ತಿದ್ದ ಅದೇ ಜಾತಿಯ ನೂಲು! ಬಾಣದ ವೇಗ ಸ್ವಲ್ಪ ಕಮ್ಮಿಯಾಗುತ್ತೆ, ಬಿಲ್ಲು ಉಳಿಯುತ್ತೆ.

ಎರಡನೇ ತಪ್ಪು ಉದ್ದದ್ದು. ಬಿಲ್ಲಿನ ಮೇಲೆ ಬರೆದ 58 ಬಿಲ್ಲಿನ ಅಳತೆ. ಹೆದೆ ಅದಕ್ಕಿಂತ ಮೂರು ಇಂಚು ಗಿಡ್ಡ ಇರಬೇಕು, ಇಂಥ ಬಾಗಿದ ತುದಿಯ ಬಿಲ್ಲಿಗೆ ಕೆಲವರು ನಾಲ್ಕು ಇಂಚು ಕಮ್ಮಿ ಮಾಡ್ತಾರೆ. 58 ಇಂಚಿನ ಹೆದೆಯನ್ನೇ ಕಟ್ಟಿದ್ದರೆ ಅದು ಬಟ್ಟೆ ಒಣಗಿಸೋ ಹಗ್ಗದ ಹಾಗೆ ಜೋತಾಡುತ್ತಿತ್ತು.

ಮೂರನೆಯದು ಎಳೆಗಳ ಲೆಕ್ಕ. ಈ ಬಿಲ್ಲನ್ನು 28 ಇಂಚು ಎಳೆಯೋಕೆ 45 ಪೌಂಡ್ ಬಲ ಬೇಕು, ಅಂದರೆ ಸುಮಾರು 20 ಕಿಲೋ. ಬೆಂಗಳೂರಿನಲ್ಲಿ ನಾವು ಎತ್ತುವ 20 ಲೀಟರ್ ನೀರಿನ ಕ್ಯಾನ್ ನೆನಪಿಸಿಕೊಳ್ಳಿ. ಅದಕ್ಕೆ ಡೇಕ್ರಾನ್ 14 ಎಳೆ ಅಂದರು. ಎಳೆ ಜಾಸ್ತಿಯಾದರೆ ಹೆದೆ ಭಾರ, ಬಾಣ ನಿಧಾನ. ಕಮ್ಮಿಯಾದರೆ ಬೇಗ ಸವೆಯುತ್ತೆ. ಬಾಣದ ಹಿಂದಿನ ಕಚ್ಚು ಕೂರುವ ಜಾಗದ ದಪ್ಪವೂ ಮುಖ್ಯ. ಬಾಣ ಸಿಕ್ಕಿಸಿದಾಗ ಟಿಕ್ ಅಂತ ಕೂರಬೇಕು, ಹೆದೆಯನ್ನು ಬೆರಳಿನಿಂದ ತಟ್ಟಿದರೆ ಬಿಟ್ಟುಕೊಳ್ಳಬೇಕು.

‘ಸಿದ್ಧವಾಗಿರೋದು ಕೊಡಲಾ, ಹೊಸೆದು ಕೊಡಲಾ?’ ಅಂತ ಕೇಳಿದರು. ಅಜ್ಜ ಹೊಸೆದಿದ್ದೇ ಬೇಕು ಅಂದರು. ಏಳು ಎಳೆಯ ಎರಡು ಕಟ್ಟು, ಒಂದು ಕಪ್ಪು, ಒಂದು ಕಂದು. ಮೇಣ ಸವರಿ, ಒಂದೊಂದು ಕಟ್ಟನ್ನೂ ಆಚೆಗೆ ತಿರುಚಿ, ಎರಡನ್ನೂ ಸೇರಿಸಿ ಈಚೆಗೆ ಸುತ್ತುತ್ತಾ ಹೋದರು. ನನಗೆ ನಗು ಬಂತು. ನಮ್ಮಜ್ಜ ಹೊರಜಗಲಿಯಲ್ಲಿ ಕೂತು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದಿದ್ದು ಇದೇ ರೀತಿ. ಫ್ಲೆಮಿಶ್ ಟ್ವಿಸ್ಟ್ ಅಂತ ಇವರ ಹೆಸರು.

ಮಧ್ಯಾಹ್ನ ಅಜ್ಜನ ಕಾಡಿನ ಮನೆಯಲ್ಲಿ ಮೊಮ್ಮಗಳು ಹೆದೆ ಏರಿಸಿದಳು. ಕಾಲಿಗೆ ಸಿಕ್ಕಿಸಿ ಬಿಲ್ಲು ಬಗ್ಗಿಸಿದರೆ ತಿರುಚಿಕೊಳ್ಳುತ್ತೆ ಅಂತ, ಎರಡೂ ತುದಿಗೆ ಚರ್ಮದ ಟೊಪ್ಪಿಗೆಯಿರುವ ಹಗ್ಗ ಹಾಕಿ, ಹಗ್ಗ ಮೆಟ್ಟಿ, ಬಿಲ್ಲು ಎತ್ತಿದಳು. ಹಿಡಿಯಿಂದ ಹೆದೆಗೆ ಏಳು ಇಂಚು ಬಂತು. ಬೇಕಿದ್ದಿದ್ದು ಎಂಟರ ಹತ್ತಿರ. ಬಿಚ್ಚಿ, ಹೊಸೆದ ದಿಕ್ಕಿಗೇ ಇನ್ನಷ್ಟು ತಿರುಚಿದಳು. ಹೆದೆ ಗಿಡ್ಡವಾಯಿತು, ಅಂತರ ಏರಿತು. ಅಜ್ಜ ಮುಷ್ಟಿ ಕಟ್ಟಿ, ಹಿಡಿಯ ಮೇಲಿಟ್ಟು, ಹೆಬ್ಬೆರಳು ಚಾಚಿ ನೋಡಿದರು. ಹೆದೆಗೆ ತಾಗಿತು. ‘ಟೇಪ್ ಇಲ್ಲದ ಕಾಲದಲ್ಲಿ ಇದೇ ಅಳತೆ’ ಅಂದರು. ನಮ್ಮಲ್ಲಿ ಗೇಣು, ಮೊಳ ಇದ್ದ ಹಾಗೆ.

ನಾನು ಒಂದು ಸಲ ಎಳೆದು ನೋಡಿದೆ. ಹಾಗೇ ಬಿಡೋದರಲ್ಲಿದ್ದೆ, ಇಬ್ಬರೂ ಒಟ್ಟಿಗೆ ಕೂಗಿದರು. ಬಾಣವಿಲ್ಲದೆ ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ವಾಪಸ್. ಹೊಸ ಹೆದೆಯಿದ್ದರೂ ಅಷ್ಟೇ, ಬಿಲ್ಲು ಮುರಿಯಬಹುದು. ನಿಧಾನವಾಗಿ ಸಡಿಲಿಸಿ ವಾಪಸ್ ಕೊಟ್ಟೆ.

ಸಂಜೆ ಕಾರಿನಲ್ಲಿ ಕೇಳಿಯೇಬಿಟ್ಟೆ, ‘ಪ್ಯಾಕೆಟ್ ನೋಡಿದ ದಿನವೇ ನಿಮಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?’ ಅಜ್ಜ ಕಿಟಕಿಯ ಕಡೆ ನೋಡುತ್ತಾ, ‘ಹೇಳಿದ್ದರೆ ನೀನು ರಿಟರ್ನ್ ಮಾಡಿ ಸುಮ್ಮನಾಗ್ತಿದ್ದೆ’ ಅಂದರು.

ನಿಜ. ಆಫೀಸಿನಲ್ಲಿ ನಾನು ಮಾಡೋದೂ ಅದೇ. ಹಳೇ ಸಿಸ್ಟಮ್‌ಗೆ ಹೊಸ ಲೈಬ್ರರಿ ಹಾಕ್ತೀವಿ, ಮುರಿದರೆ ಹಳೆಯದನ್ನು ಬೈತೀವಿ. ಹೊಸದು ಕೆಟ್ಟದ್ದಲ್ಲ, ಹಳೆಯದೂ ಅಲ್ಲ. ಎಷ್ಟು ಗಟ್ಟಿ ಅಂತ ಮಾತ್ರ ಕೇಳಿದ್ದೆ, ಯಾವುದಕ್ಕೆ ಕಟ್ಟೋದು ಅಂತ ಕೇಳಿರಲಿಲ್ಲ.

ಮುಂದಿನ ವಾರಗಳಲ್ಲಿ ಆಕೆ ದಿನಾ ಬಾಣ ಬಿಟ್ಟು ಪಳಗಿದಳು. ಹೊಸ ಹೆದೆ ಮೊದಮೊದಲು ಹಿಗ್ಗುತ್ತೆ, ಮತ್ತೆ ಅಳೆದು ಮತ್ತೆ ತಿರುಚಬೇಕು. ಅದಕ್ಕೇ ಬೇಟೆಯ ಹಿಂದಿನ ದಿನ ಹೆದೆ ಬದಲಿಸಬಾರದಂತೆ.

ಅಕ್ಟೋಬರಿನ ಮೊದಲ ವಾರಾಂತ್ಯ ಅಜ್ಜನಿಗೆ ಅವಳ ಫೋನ್ ಬಂತು. ಒಂದು ಹೆಣ್ಣು ಜಿಂಕೆ ಮೂವತ್ತು ಗಜದಲ್ಲಿ ತುಂಬಾ ಹೊತ್ತು ನಿಂತಿತ್ತಂತೆ. ಅವಳಿಗೆ ನಂಬಿಕೆ ಇರೋದು ಹದಿನೈದು ಗಜದವರೆಗೆ ಮಾತ್ರ. ಬಾಣ ಬಿಡಲಿಲ್ಲ. ಅಜ್ಜ ಫೋನ್ ಇಟ್ಟು ಎರಡು ಸಲ ಮೂಗು ಒರೆಸಿಕೊಂಡರು. ಜಿಂಕೆ ಸಿಕ್ಕಿದ್ದರೂ ಅಷ್ಟು ಖುಷಿಯಾಗ್ತಿರಲಿಲ್ಲವೇನೋ. ಅವಳು ಮತ್ತೆ ಹೋಗ್ತಾಳೆ, ಅದು ನನಗೆ ಗೊತ್ತು. ನನ್ನ ಕಸಿವಿಸಿಯೂ ಪೂರ್ತಿ ಹೋಗಿಲ್ಲ.

ಕೆಲವು ದಿನ ಬಿಟ್ಟು ಆಯುಧ ಪೂಜೆ. ನಾನು ಲ್ಯಾಪ್‌ಟಾಪ್, ಕಾರಿನ ಕೀ ಇಟ್ಟು ಕುಂಕುಮ ಹಚ್ಚುತ್ತಿದ್ದೆ. ಅಜ್ಜ ಮೆಲ್ಲಗೆ ಮೆಟ್ಟಿಲು ಹತ್ತಿ ಬಂದು ಏನಿದು ಅಂತ ಕೇಳಿದರು. ಪಾಂಡವರು ಬಿಲ್ಲುಗಳ ಹೆದೆ ಬಿಚ್ಚಿ ಬನ್ನಿ ಮರದ ಮೇಲೆ ಬಚ್ಚಿಟ್ಟ ಕಥೆ ಹೇಳಿದೆ. ‘ಹೆದೆ ಬಿಚ್ಚಿಟ್ಟರಾ? ತಿಳಿದವರು’ ಅಂದರು. ಕೆಳಗೆ ಹೋಗಿ, ಸುರುಳಿ ಸುತ್ತಿದ ಆ ಹಳೇ ಹೆದೆಯನ್ನು ತಂದು ನನ್ನ ಕೈಲಿಟ್ಟರು.

ಅಮ್ಮ ವಿಡಿಯೋ ಕಾಲ್‌ನಲ್ಲಿ ಪೂಜೆ ನೋಡ್ತಾ ಕೇಳಿದಳು, ‘ಅದೇನೋ, ಲ್ಯಾಪ್‌ಟಾಪ್ ಪಕ್ಕ ಹಗ್ಗದ ತುಂಡು?’

‘ಹೆದೆ ಕಣಮ್ಮ. ಐವತ್ತು ವರ್ಷದ ಬಿಲ್ಲಿನದ್ದು.’

‘ಹಾಗಾದ್ರೆ ಅದಕ್ಕೂ ಒಂದು ಹೂ ಇಡೋ’ ಅಂದಳು. ಇಟ್ಟೆ.