ಮುಂದು ಹಿಂದಿಲ್ಲದ ದೋಣಿ

ಹರಿಗೋಲಿಗೆ ಮುಂದು ಹಿಂದು ಅಂತ ಇಲ್ಲ. ದೋಣಿಗೆ ಮೂತಿ ಇರುತ್ತದೆ, ಬಸ್ಸಿಗೆ ಬೋರ್ಡು ಇರುತ್ತದೆ, ಬಂಡಿಗೆ ಎತ್ತುಗಳೇ ಇರುತ್ತವೆ. ಹರಿಗೋಲಿಗೆ ಮಾತ್ರ ಸುತ್ತಲೂ ಒಂದೇ ಅಂಚು. ಹತ್ತಿದವರು ಯಾವ ಕಡೆ ಮುಖ ಮಾಡಿ ಕೂರಬೇಕು ಅನ್ನುವುದು ಅವರವರ ಇಷ್ಟ. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿ ನೋಡಲು ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನ ಕಣ್ಣಿಗೂ ಇದು ಬಿದ್ದಿತ್ತು. ತುಂಗಭದ್ರೆಯ ಆಚೆ ದಡದ ಆನೆಗೊಂದಿಗೆ ದಾಟುವ ಜನ ಬುಟ್ಟಿಯಂಥ ದುಂಡನೆಯ ದೋಣಿಯಲ್ಲಿ ಹೋಗುತ್ತಾರೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ಹತ್ತಿಸುತ್ತಾರೆ ಅಂತ ಬರೆದಿಟ್ಟ. ಜೊತೆಗೆ ಒಂದು ತಕರಾರನ್ನೂ ಸೇರಿಸಿದ: ಈ ದೋಣಿ ಬೇರೆ ದೋಣಿಗಳ ಹಾಗೆ ನೆಟ್ಟಗೆ ಹೋಗುವುದಿಲ್ಲ, ಯಾವಾಗಲೂ ಗಿರಗಿರ ತಿರುಗುತ್ತಿರುತ್ತದೆ.

ಸಮುದ್ರ ದಾಟಿ ಬಂದ ಮನುಷ್ಯ. ಅವನ ನಾಡಿನ ಹಡಗುಗಳು ಆಫ್ರಿಕ ಸುತ್ತಿಕೊಂಡು ಗೋವೆಗೆ ಬರುತ್ತಿದ್ದ ಕಾಲ. ನಮ್ಮ ಹೊಳೆ ದಾಟುವಾಗ ಅವನಿಗೆ ತಲೆ ತಿರುಗಿತ್ತೋ ಏನೋ, ಅದನ್ನು ಮಾತ್ರ ಬರೆದಿಲ್ಲ.

ಪಾಯಸ್‌ನ ಈ ತಕರಾರು ನನಗೆ ಮತ್ತೆ ನೆನಪಾದದ್ದು ಅಕ್ಕನ ಮಗನ ದೆಸೆಯಿಂದ. ನ್ಯೂಜೆರ್ಸಿಯಲ್ಲಿರುವ ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೆರಿಬಿಯನ್ ಸಮುದ್ರದ ಆಂಟಿಗುವಾಕ್ಕೆ ಹೋಗಿದ್ದ. ಅಲ್ಲಿಂದ ವಿಡಿಯೊ ಕಾಲ್. ನಾನು ಆಗಷ್ಟೇ ತೋರಣಗಲ್ಲಿನ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ಕುರೆಕುಪ್ಪದ ಮನೆಗೆ ಬಂದು ಬೂಟು ಬಿಚ್ಚುತ್ತಿದ್ದೆ. ನಮ್ಮ ಕಡೆ ಬೂಟು, ಬೈಕು, ಬೇವಿನ ಎಲೆ ಎಲ್ಲಕ್ಕೂ ಅದಿರಿನ ಕೆಂಪು ಬಣ್ಣ. ಮೊಬೈಲಿನೊಳಗೆ ಮಾತ್ರ ಎಲ್ಲಿ ನೋಡಿದರೂ ನೀಲಿ.

"ಮಾವ, ಪ್ರೈವೇಟ್ ಕ್ಯಾಟಮರಾನ್! ನಾವು ಬಿಟ್ಟರೆ ಬೇರೆ ಯಾರೂ ಇಲ್ಲ. ಬೆಳಿಗ್ಗೆ ಹತ್ತಿದರೆ ಸಂಜೆಗೆ ಇಳಿಯೋದು" ಅಂದ.

ಆಂಟಿಗುವಾ ಅಂದರೆ ನಮ್ಮ ತಲೆಮಾರಿನ ಕನ್ನಡಿಗರಿಗೆ ಕಡಲಲ್ಲ, ಕುಂಬ್ಳೆ. 2002ರ ಮೇ ತಿಂಗಳಲ್ಲಿ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ದವಡೆ ಮುರಿದರೂ, ತಲೆ ಸುತ್ತ ಬ್ಯಾಂಡೇಜ್ ಬಿಗಿದುಕೊಂಡು ಬಂದು 14 ಓವರ್ ಬೌಲ್ ಮಾಡಿ ಲಾರಾನನ್ನು ಎಲ್‌ಬಿಡಬ್ಲ್ಯೂ ಮಾಡಿದ್ದು ಅಲ್ಲೇ, ಸೇಂಟ್ ಜಾನ್ಸ್‌ನ ಮೈದಾನದಲ್ಲಿ. "ಆ ಗ್ರೌಂಡ್ ನೋಡಿದೆಯಾ?" ಅಂತ ಕೇಳಿದೆ. ನೋಡಿರಲಿಲ್ಲ. ಅಷ್ಟು ದೂರ ಹೋಗಿ ನೀರಿನೊಳಗೆ ತಲೆ ಅದ್ದಿಕೊಂಡು ಬಂದವನೆ!

ತಲೆ ಅದ್ದುವುದಕ್ಕೆ ಸ್ನಾರ್ಕ್ಲಿಂಗ್ ಅನ್ನುತ್ತಾರಂತೆ. ಮೂಗು, ಕಣ್ಣು ಎರಡನ್ನೂ ಮುಚ್ಚುವ ಗಾಜಿನ ಮುಖವಾಡ ಹಾಕಿ, ಬಾಯಿಗೆ ಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ಬೋರಲು ತೇಲಬೇಕು. ಕೊಳವೆಯ ಇನ್ನೊಂದು ತುದಿ ಗಾಳಿಯಲ್ಲಿ. ಆಂಟಿಗುವಾದ ನೈಋತ್ಯ ದಂಡೆಯಲ್ಲಿ ಕೇಡ್ಸ್ ರೀಫ್ ಅನ್ನುವ ಹವಳದ ದಿಬ್ಬವಿದೆ. ಅಲ್ಲಿ ದೋಣಿ ನಿಲ್ಲಿಸಿ ಇಳಿಸುತ್ತಾರೆ. ಕ್ಯಾಟಮರಾನಿಗೆ ಒಂದಲ್ಲ, ಎರಡು ಒಡಲು. ನಡುವೆ ಬಲೆ ಬಿಗಿದಿರುತ್ತಾರೆ, ಅದರ ಮೇಲೆ ಮಲಗಿದರೆ ಕೆಳಗೆ ಸಮುದ್ರ ಓಡುವುದು ಕಾಣುತ್ತದೆ. ಅಗಲ ಜಾಸ್ತಿ ಇರುವುದರಿಂದ ಒಂದೇ ಒಡಲಿನ ಹಾಯಿದೋಣಿಯಷ್ಟು ಪಕ್ಕಕ್ಕೆ ವಾಲುವುದಿಲ್ಲ. ದಿನದ ಬಾಡಿಗೆ ಎಷ್ಟು ಅಂತ ಅವನು ಹೇಳಿದಾಗ ನಮ್ಮಾಕಿ ಸೆರಗನ್ನು ಬಾಯಿಗೆ ಹಿಡಿದಳು. ಆ ರೊಕ್ಕಕ್ಕೆ ಹಂಪಿಯ ಚಕ್ರತೀರ್ಥದ ಹರಿಗೋಲುಗಳನ್ನೆಲ್ಲ ಒಂದು ದಿನಕ್ಕೆ ಹಿಡಿದು, ಮಿಕ್ಕಿದ್ದರಲ್ಲಿ ಬೀಗರಿಗೆಲ್ಲ ಊಟ ಹಾಕಬಹುದಿತ್ತು.

"ಡಿಸೆಂಬರಿಗೆ ಊರಿಗೆ ಬರ್ತೀಯಲ್ಲ, ನಾನೂ ಪ್ರೈವೇಟ್ ಹಿಡೀತೀನಿ ಬಾ" ಅಂದೆ.

ನನ್ನ ತಾಯಿಯ ತವರು ಆನೆಗೊಂದಿ. ಹಾಗಾಗಿ ನಮ್ಮ ಮನೆಯಲ್ಲಿ ಹರಿಗೋಲು ನೋಡುವ ವಸ್ತು ಆಗಿರಲಿಲ್ಲ, ತಪ್ಪಿದ ಬಸ್ಸಿನಷ್ಟೇ ಸಲೀಸಾಗಿ ಬೈಸಿಕೊಳ್ಳುವ ವಸ್ತು. ಅವ್ವ ಮದುವೆಯಾಗಿ ಈ ದಡಕ್ಕೆ ಬಂದದ್ದು ಹರಿಗೋಲಲ್ಲಿ. ಟ್ರಂಕು, ಹಾಸಿಗೆ ಸುರುಳಿ, ಅಳುವ ಹೆಂಗಸರು ಒಂದರಲ್ಲಿ. ಬೀಗರು, ಬಾಜಾ ಭಜಂತ್ರಿ ಇನ್ನೊಂದರಲ್ಲಿ. ನಡುನೀರಿನಲ್ಲಿ ಡೋಲಿನವನು ಬಾರಿಸಲು ಶುರು ಮಾಡಿದಾಗ ಅಂಬಿಗ ಗದರಿಸಿ ಸುಮ್ಮನಾಗಿಸಿದನಂತೆ. ಬಾರಿಸುವವನ ಮೈ ಕುಣಿದರೆ ಹರಿಗೋಲೂ ಕುಣಿಯುತ್ತದೆ. ಅಜ್ಜನ ಮನೆಯಲ್ಲಿ ಹೋಗುವಾಗ ಬರುವಾಗ ಕಾಸು ಕೊಡುವ ರೂಢಿ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೇ ಬಂದು ಅಂಬಿಗ ಭತ್ತ ಅಳೆದುಕೊಂಡು ಹೋಗುತ್ತಿದ್ದ. ವರ್ಷವಿಡೀ ದಾಟಿಸಿದ್ದಕ್ಕೆ ಅದೇ ಕೂಲಿ.

ನನ್ನ ಕಾಲಕ್ಕೆ ಚರ್ಮ ಹೋಗಿತ್ತು. ಬಿದಿರಿನ ಸೀಳುಗಳನ್ನು ನಕ್ಷತ್ರದ ಆಕಾರಕ್ಕೆ ನೆಲದ ಮೇಲೆ ಹರಡಿ, ಆರು ಮೂಲೆಯ ಕಣ್ಣು ಬರುವ ಹಾಗೆ ಹೆಣೆದು, ನಡುವೆ ಕಲ್ಲು ಹೇರಿ, ತುದಿಗಳನ್ನು ಮೇಲಕ್ಕೆ ಬಾಗಿಸಿ ಅಂಚು ಕಟ್ಟುತ್ತಿದ್ದರು. ಹೊರಮೈಗೆ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಹೊಲಿದ ಹೊದಿಕೆ, ಅದರ ಮೇಲೆ ಕಾಸಿದ ಡಾಂಬರು. ಬೇಸಿಗೆಯಲ್ಲಿ ಆ ಡಾಂಬರು ಕರಗಿ ಚಡ್ಡಿಗೆ ಅಂಟಿದರೆ ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆದರೂ ಬರಿಗಾಲಲ್ಲಿ ನಿಲ್ಲುವ ಸುಖಕ್ಕೆ ಅವ್ವನ ಕೈ ತಪ್ಪಿಸಿಕೊಂಡು ನಡುವಿಗೆ ಹೋಗುತ್ತಿದ್ದೆ. ಹರಿಗೋಲಿನ ತಳ ಗಟ್ಟಿಯಲ್ಲ. ಹೊಳೆ ಕೆಳಗಿನಿಂದ ಒತ್ತುವುದು ಕಾಲಿಗೆ ಗೊತ್ತಾಗುತ್ತದೆ, ಯಾರೋ ಅಂಗೈ ಕೊಟ್ಟು ಎತ್ತಿ ಹಿಡಿದ ಹಾಗೆ. ಕ್ಯಾಟಮರಾನಿನ ಬಲೆಯ ಮೇಲೆ ಮಲಗಿದವರಿಗೆ ನೀರು ಕಂಡೀತು, ತಾಗಲಿಕ್ಕಿಲ್ಲ.

ದಾಟುವುದರಲ್ಲೂ ಒಂದು ಲೆಕ್ಕ ಇತ್ತು. ನೀರು ಕೆಳಕ್ಕೆ ಎಳೆಯುವುದರಿಂದ ಎದುರಿನ ಘಟ್ಟಕ್ಕೆ ನೇರ ಹೊರಟರೆ ಎಲ್ಲೋ ಕೆಳಗೆ ಹೋಗಿ ತಲುಪುತ್ತೀರಿ. ಅದಕ್ಕೇ ಅಂಬಿಗರು ಖಾಲಿ ಹರಿಗೋಲನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು, ದಂಡೆಗುಂಟ ಮೇಲಕ್ಕೆ ನಡೆದು, ಅಲ್ಲಿಂದ ನೀರಿಗೆ ಬಿಡುತ್ತಿದ್ದರು. ದೂರದಿಂದ ನೋಡಿದರೆ ಕಾಲು ಬಂದ ಕರಿ ಗುಡಿಸಲು. ಹುಟ್ಟು ಹಾಕುವವನು ಅಂಚಿಗೆ ಮಂಡಿಯೂರಿ, ಹೋಗಬೇಕಾದ ದಿಕ್ಕಿಗೇ ಹುಟ್ಟು ಇಳಿಸಿ, ಎಡಕ್ಕೆ ಬಲಕ್ಕೆ ಆಡಿಸುತ್ತ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತಾನೆ. ಹರಿಗೋಲನ್ನು ನೂಕುವುದಿಲ್ಲ, ಎಳೆಯುವುದು. ಕೈ ಒಂದೇ ಕಡೆ ಜಾಸ್ತಿಯಾಯಿತೋ, ತಿರುಗಿತು. ಕುರಿ, ಸೈಕಲ್ಲು, ಆಮೇಲಾಮೇಲೆ ಮೋಟರ್ ಬೈಕು, ಬಾಣಂತಿ, ಗೊಬ್ಬರದ ಚೀಲ, ಎಲ್ಲ ಇದ್ದಾಗ ತಿರುಗದಂತೆ ದಾಟಿಸುವವನೇ ಒಳ್ಳೆಯ ಅಂಬಿಗ. ಪಾಯಸ್ ದಾಟುವಾಗ ಹುಟ್ಟು ಹಿಡಿದಿದ್ದವನು ಹೊಸಬನಿರಬೇಕು ಅಂತ ನನ್ನ ಗುಮಾನಿ.

ಇಂಥ ದುಂಡು ದೋಣಿ ಇದ್ದದ್ದು ನಮ್ಮ ಹೊಳೆಯಲ್ಲಷ್ಟೇ ಅಲ್ಲ. ಬ್ಯಾಬಿಲೋನಿಗೆ ಯೂಫ್ರಟೀಸ್ ನದಿಯಲ್ಲಿ ಬರುತ್ತಿದ್ದ ದುಂಡನೆಯ ಚರ್ಮದ ದೋಣಿಗಳ ಬಗ್ಗೆ ಹೆರೊಡೊಟಸ್ ಬರೆದಿದ್ದಾನೆ. ಒಂದೊಂದರಲ್ಲೂ ಸರಕಿನ ಜೊತೆ ಒಂದು ಕತ್ತೆ. ಹರಿವಿಗೆ ಎದುರು ವಾಪಸು ಹೋಗಲಾಗದು, ಹಾಗಾಗಿ ಸರಕು ಮಾರಿದ ಮೇಲೆ ದೋಣಿಯ ಎಲುಬನ್ನೂ ಅಲ್ಲೇ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದು ಹೋಗುತ್ತಿದ್ದರಂತೆ. ನಮ್ಮವರಿಗೆ ಕತ್ತೆ ಬೇಕಿರಲಿಲ್ಲ, ಸ್ವಂತ ತಲೆ ಸಾಕಾಗಿತ್ತು. 1800ರ ಜೂನ್‌ನಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ತನ್ನ ದಂಡನ್ನು ಹರಿಹರದ ಹತ್ತಿರ ತುಂಗಭದ್ರೆ ದಾಟಿಸಿದ್ದೂ ಹರಿಗೋಲುಗಳಲ್ಲೇ. ಹದಿನೈದು ವರ್ಷದ ಮೇಲೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇವನೇ.

ಹರಿಗೋಲಿಗೆ ಬದಲು ಸೇತುವೆ ಬೇಕು ಅನ್ನುವ ಕೂಗು ನಾನು ಹುಡುಗನಾಗಿದ್ದಾಗಲೇ ಇತ್ತು. ಆನೆಗೊಂದಿಗೆ ಕಟ್ಟತೊಡಗಿದ ಸೇತುವೆಯ ಕಂಬಗಳು ಸ್ಮಾರಕಗಳ ಮಗ್ಗುಲಲ್ಲೇ ಎದ್ದವು ಅಂತ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು. ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಮತ್ತೆ ಕೆಲಸ ಶುರುವಾಗಿ, 2009ರ ಜನವರಿಯಲ್ಲಿ ಆ ಸೇತುವೆ ಕುಸಿದು ಕೂಲಿಕಾರರು ಸತ್ತರು. ಅವ್ವ ಆ ಸುದ್ದಿ ಕೇಳಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕಡೆಗೆ ಕೆಳಗಡೆ, ಕಡೇಬಾಗಿಲಿನ ಹತ್ತಿರ, ಸೇತುವೆ ಆಯಿತು. ಈಗ ಆನೆಗೊಂದಿಯ ನೆಂಟರು ಕಾರಿನಲ್ಲಿ ಬರುತ್ತಾರೆ. ನನಗೇನೂ ಬೇಸರವಿಲ್ಲ. ಹೆರಿಗೆ ನೋವಿನ ಹೆಂಗಸನ್ನು ರಾತ್ರಿ ಹೊತ್ತು ಹರಿಗೋಲಿನಲ್ಲಿ ದಾಟಿಸುವುದನ್ನು ನೋಡಿದವರು ಯಾರೂ ಸೇತುವೆಯ ಮೇಲೆ ಮುನಿಸಿಕೊಳ್ಳುವುದಿಲ್ಲ.

ಡಿಸೆಂಬರ್ ಬಂತು, ಅಳಿಯನೂ ಬಂದ. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಮೊಸರು ಕಟ್ಟಿಕೊಂಡು ಪಾಪಿನಾಯಕನಹಳ್ಳಿ ದಾಟಿ ಹೊಸಪೇಟೆ ಮೇಲೆ ಹಂಪಿ ಸೇರಿದೆವು. ಚಕ್ರತೀರ್ಥದಲ್ಲಿ, ಕೋದಂಡರಾಮ ದೇವರ ಗುಡಿಯ ಎದುರಿಗೇ, ಹರಿಗೋಲುಗಳು ಬೋರಲು ಬಿದ್ದಿದ್ದವು. ಇಡೀ ದಿನಕ್ಕೆ ಬೇಕು ಅಂದೆ. ಅಂಬಿಗ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇಡೀ ದಿನಾನ? ಇಡೀ ದಿನ ನೀರಾಗ ಏನ್ ಮಾಡ್ತೀರ್ರೀ ಸರ?"

ಅಳಿಯ ಆಂಟಿಗುವಾದ ವರ್ಣನೆ ಶುರು ಮಾಡಿದ. ಅಂಬಿಗ ತಾಳ್ಮೆಯಿಂದ ಕೇಳಿ, "ಅರ್ಧ ತಾಸಿಗೆ ಇಷ್ಟು, ತಾಸಿಗೆ ಇಷ್ಟು. ಇಡೀ ದಿನದ ರೇಟು ಇನ್ನಾ ಯಾರೂ ಕೇಳಿಲ್ಲ, ನೀವೇ ತಿಳದು ಕೊಡ್ರಿ" ಅಂದ. ತಿಳಿದು ಕೊಡುವುದಕ್ಕಿಂತ ದುಬಾರಿಯಾದ ರೇಟು ಭೂಮಿಯ ಮೇಲೆ ಇನ್ನೊಂದಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು ಹತ್ತಿದೆವು.

ಬಂಡೆಗಳ ಸಂದಿಯಲ್ಲಿ ಹಾಯ್ದು ಕೋಟಿಲಿಂಗದ ಹತ್ತಿರ ಹೋದೆವು. ಹಾಸುಬಂಡೆಯ ಮೇಲೆ ಸಾಲುಸಾಲು ಕೊರೆದ ಲಿಂಗಗಳು. ನೀರು ಏರಿದಾಗ ಹೊಳೆಯೇ ಅಭಿಷೇಕ ಮಾಡುತ್ತದೆ. ಮೇಲಿನ ತುಂಗಭದ್ರಾ ಅಣೆಕಟ್ಟೆಯ ಗೇಟು ತೆರೆದು ಜಾಸ್ತಿ ನೀರು ಬಿಟ್ಟರೆ ಕೆಳಗಿನ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲುಗಳನ್ನು ನಿಲ್ಲಿಸುತ್ತಾರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದಾಗ ಏನಾಯಿತು ಅಂತ ಅಂಬಿಗನನ್ನು ಕೇಳಿದೆ. "ಏನಾತು, ಹರಗೋಲು ಮ್ಯಾಲೆ ಎಳಕೊಂಡು ಮನ್ಯಾಗ ಕುಂತ್ವಿ" ಅಂದ. 1953ರಿಂದೀಚೆಗೆ ಈ ಹೊಳೆಯ ಕೀಲಿಕೈ ಇರುವುದು 33 ಗೇಟುಗಳಲ್ಲಿ.

ಅಳಿಯನ ಮಗಳು ಚೀಲದಿಂದ ಮುಖವಾಡ, ಕೊಳವೆ ತೆಗೆದಳು. ಅಂಬಿಗ ಹುಟ್ಟು ನಿಲ್ಲಿಸಿದ.

"ಏನವ್ವಾ ಅದು?"

"ತಲೆ ನೀರಲ್ಲಿ ಇಟ್ಟು ಮೀನು ನೋಡೋಕೆ."

"ನೀ ಮೀನ ನೋಡ್ತಿ, ಮೊಸಳಿ ನಿನ್ನ ನೋಡ್ತೈತಿ. ಒಳಗ ಇಡು."

ಕೊಳವೆ ಚೀಲಕ್ಕೆ ಹೋಯಿತು. ಮೊಸಳೆ ಇಲ್ಲದಿದ್ದರೂ ಈ ನೀರಿನಲ್ಲಿ ಕಾಣುವುದು ಹಸಿರು ಮಬ್ಬು ಅಷ್ಟೇ. ನೀರಿನೊಳಗೆ ಕಣ್ಣು ಬಿಡಬೇಕಾದರೆ ಮುರುಡೇಶ್ವರದಿಂದಾಚೆ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. 'ಗಂಧದ ಗುಡಿ' ಚಿತ್ರಕ್ಕಾಗಿ ಪುನೀತ್ ರಾಜ್‌ಕುಮಾರ್ ಮುಳುಗಿದ್ದು ಅಲ್ಲೇ, ಅದನ್ನು ಹೊಸಪೇಟೆ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಹೊಳೆಯ ಪ್ರಾಣಿಗಳನ್ನು ನೋಡಲು ನೀರಿನ ಮೇಲೆಯೇ ಕಣ್ಣಿದ್ದರೆ ಸಾಕು. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶ ಮಾಡಿದೆ. ಅವತ್ತು ನೀರುನಾಯಿಗಳು ಕಾಣಲಿಲ್ಲ. ಬಂಡೆಯ ಮೇಲೆ ಮೀನಿನ ಹುರುಪೆ ಸೇರಿದ ಹಿಕ್ಕೆಯನ್ನು ಅಂಬಿಗ ತೋರಿಸಿದ. ಮಕ್ಕಳಿಗೆ ಹವಳಕ್ಕಿಂತ ಅದೇ ಖುಷಿ ಕೊಟ್ಟಿತು, ಫೋಟೊನೂ ತೆಗೆದರು.

ಊಟವಾದ ಮೇಲೆ ಅಂಬಿಗನೇ ಕೇಳಿದ: "ರೌಂಡ್ ಹೊಡ್ಸಬೇಕೇನ್ರಿ?"

ಈಗ ಹರಿಗೋಲು ಹತ್ತುವವರೆಲ್ಲ ಇದಕ್ಕೇ ಹತ್ತುತ್ತಾರೆ, ಸಾಣಾಪುರದ ಕೆರೆಯಲ್ಲೂ, ಹೊಗೇನಕಲ್ಲಿನಲ್ಲೂ. ವಿಯೆಟ್ನಾಮಿನ ಹೋಯಿ ಆನ್ ಕಡೆಯೂ ಬುಟ್ಟಿದೋಣಿಯವರು ಹಾಡು ಹಾಕಿ ತಿರುಗಿಸುತ್ತಾರೆ. ಐನೂರು ವರ್ಷದ ಹಿಂದೆ ಪಾಯಸ್ ಕೊರತೆ ಅಂತ ಬರೆದದ್ದನ್ನೇ ಈಗ ರೊಕ್ಕ ಕೊಟ್ಟು ಕೊಳ್ಳುತ್ತಾರೆ. ಇದನ್ನು ಅಂಬಿಗನಿಗೆ ಹೇಳಿದೆ. ಪಾಯಸ್‌ನ ಗೊಡವೆಗೆ ಅವನು ಹೋಗಲಿಲ್ಲ. "ನಮ್ಮಪ್ಪನ ಕಾಲದಾಗ ಮಂದಿ ಕುಂತಾಗ ಹರಗೋಲು ಒಂದು ಸುತ್ತು ತಿರುಗಿದ್ರ ಹುಟ್ಟಿಲೆ ಬಡೀತಿದ್ದ. ಹಿಂಗ ತಿರುಗ್ಸಾಕ ನಾ ಮತ್ತ ಹೊಸದಾಗಿ ಕಲಿಬೇಕಾತು" ಅಂದ.

ಒಂದೇ ಕಡೆ ಹುಟ್ಟು ಹಾಕತೊಡಗಿದ. ಮತಂಗ ಪರ್ವತ, ಕೋದಂಡರಾಮನ ಗುಡಿ, ಎದುರಿನ ಬಂಡೆ, ಮತ್ತೆ ಮತಂಗ ಪರ್ವತ. ನಮ್ಮಾಕಿ ಕಣ್ಣು ಮುಚ್ಚಿ ಹನುಮಪ್ಪನನ್ನು ಕರೆದಳು. ಆಂಟಿಗುವಾದಲ್ಲಿ ಇಡೀ ದಿನ ಸಮುದ್ರದ ಮೇಲಿದ್ದೂ ಏನೂ ಆಗದ ಅಳಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡು, "ಮಾವ, ಸಾಕು ಅನ್ನಿ" ಅಂದ. "ಇನ್ನೂ ಜೋರು, ತಾತ!" ಅಂತ ಮಕ್ಕಳು ಕಿರುಚಿದವು. ಅಂಬಿಗ ಹುಟ್ಟು ಎತ್ತಿ ಹಿಡಿದ. ಹರಿಗೋಲು ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

"ಒಬ್ಬರು ಸಾಕು ಅಂತಾರ, ಒಬ್ಬರು ಬೇಕು ಅಂತಾರ. ರೊಕ್ಕ ಕೊಡೋರು ಯಾರ್ರಿ?"

"ನಾನು" ಅಂದೆ.

"ಮತ್ತ ನೀವು ಹೇಳ್ರಿ."

ಈಗ ಉಲ್ಟಾ ತಿರುಗಿಸು ಅಂದೆ.