ಯೀಸ್ಟ್ ಹೇಳುವ ಸಾಕ್ಷಿ

ತಂಗಿ ಪಿಎಚ್‌ಡಿ ಮಾಡ್ತಿದ್ದಾಳೆ. ಏನು ಓದ್ತಾಳೆ ಅಂತ ನೆಂಟರು ಕೇಳಿದ್ರೆ ಅಮ್ಮ "ಅದೇನೋ ಬ್ರೆಡ್ಡಿಗೆ ಹಾಕೋ ಯೀಸ್ಟ್ ಬೆಳೆಸ್ತಾಳಂತೆ" ಅಂತ ಹೇಳಿ ಮುಗಿಸಿಬಿಡ್ತಾಳೆ. ಸುಳ್ಳೇನಲ್ಲ :) ಬನ್ನು ಉಬ್ಬಿಸೋ ಅದೇ ಜಾತಿಯ ಯೀಸ್ಟ್. ಆದ್ರೆ ತಂಗಿ ಅದರ ಕೈಲಿ ಮಾಡಿಸೋ ಕೆಲಸ ಬೇರೆ. ಎರಡು ಪ್ರೋಟೀನುಗಳು ಜೀವಕೋಶದೊಳಗೆ ಒಂದನ್ನೊಂದು ಹಿಡ್ಕೊಳ್ತಾವಾ ಇಲ್ವಾ ಅಂತ ಸಾಕ್ಷಿ ಹೇಳಿಸೋದು.

ಇದಕ್ಕೆ 1989ರಲ್ಲೇ ಫೀಲ್ಡ್ಸ್ ಮತ್ತು ಸಾಂಗ್ ಒಂದು ದಾರಿ ಹುಡುಕಿದ್ರು. ಆದ್ರೆ ಅದರಲ್ಲಿ ಎರಡೂ ಪ್ರೋಟೀನುಗಳು ಕೋಶಕೇಂದ್ರದೊಳಗೆ ಹೋಗಿ ಭೇಟಿಯಾಗಬೇಕು. ಕೋಶದ ಪೊರೆಯಲ್ಲಿ, ಅಂದ್ರೆ ಆ ಕೊಬ್ಬಿನ ಪದರದಲ್ಲಿ ನೆಟ್ಟುಕೊಂಡಿರೋ ಪ್ರೋಟೀನುಗಳು ಎಲ್ಲಿ ಹೋಗ್ತವೆ? ಬಹಳಷ್ಟು ಔಷಧಿಗಳು ಹೋಗಿ ಕೂರೋದು ಇಂಥವುಗಳ ಮೇಲೇ, ನೋಡಿ.

1994ರಲ್ಲಿ ಜಾನ್ಸನ್ ಮತ್ತು ವಾರ್ಶಾವ್‌ಸ್ಕಿ ಯುಬಿಕ್ವಿಟಿನ್ ಅನ್ನೋ, ಬರೀ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನನ್ನ ಎರಡು ತುಂಡು ಮಾಡಿದ್ರು. ತುಂಡುಗಳು ತಾವಾಗೇ ಬಂದು ಕೂಡಿಕೊಂಡುಬಿಡ್ತಿದ್ವು. ಹಾಗಾದ್ರೆ ಅದರಿಂದ ಏನು ಗೊತ್ತಾಗುತ್ತೆ? ಅದಕ್ಕೇ ಮೊದಲ ತುಂಡಿನ 13ನೇ ಅಮೈನೋ ಆಮ್ಲ ಐಸೋಲ್ಯೂಸಿನ್ ತೆಗೆದು ಗ್ಲೈಸಿನ್ ಹಾಕಿ, ಬೇಕಂತಲೇ ಅಂಟು ಕಮ್ಮಿ ಮಾಡಿದ್ರು. ಈಗ ಯಾರಾದ್ರೂ ಹತ್ತಿರ ತಂದು ಹಿಡಿದ್ರೆ ಮಾತ್ರ ಕೂಡ್ತವೆ. ಚೆನ್ನಾಗಿ ಕೆಲಸ ಮಾಡೋದನ್ನ ಕೆಡಿಸಿ ಉಪಯೋಗಕ್ಕೆ ತಂದದ್ದು! ನಮ್ಮ ಆಫೀಸಲ್ಲಿ ಹೀಗೆ ಮಾಡ್ತೀನಿ ಅಂದ್ರೆ ಕೋಡ್ ರಿವ್ಯೂ ದಾಟೋದಿಲ್ಲ.

1998ರಲ್ಲಿ ಸ್ಟಾಗ್ಲ್ಯಾರ್ ಮತ್ತು ಜೊತೆಗಾರರು ಇದನ್ನ ಪೊರೆಯ ಪ್ರೋಟೀನುಗಳಿಗೆ ಹೊಂದಿಸಿದ್ರು. ಒಂದು ಪ್ರೋಟೀನಿಗೆ ಯುಬಿಕ್ವಿಟಿನ್ನಿನ ಒಂದು ತುಂಡು, ಅದರ ಬಾಲಕ್ಕೆ ಜೀನ್ ಚಾಲೂ ಮಾಡುವ ಇನ್ನೊಂದು ಪ್ರೋಟೀನು. ಎದುರಿನದಕ್ಕೆ ಉಳಿದ ತುಂಡು. ಇಬ್ಬರೂ ಕೈ ಹಿಡಿದ್ರೆ ಯುಬಿಕ್ವಿಟಿನ್ ಪೂರ್ತಿ ಆಗುತ್ತೆ. ಪೂರ್ತಿಯಾದದ್ದನ್ನ ಗುರುತಿಸೋ ಕಿಣ್ವಗಳು ಬಂದು ಬಾಲ ಕತ್ತರಿಸ್ತವೆ. ಬಾಲ ಕೋಶಕೇಂದ್ರಕ್ಕೆ ಓಡಿಹೋಗಿ ಹಿಸ್ಟಿಡಿನ್ ತಯಾರಿಸೋ ಜೀನ್ ಚಾಲೂ ಮಾಡುತ್ತೆ. ಹಿಸ್ಟಿಡಿನ್ ಇಲ್ಲದ ತಟ್ಟೆಯಲ್ಲೂ ಆ ಯೀಸ್ಟ್ ಬದುಕುತ್ತೆ. ಪ್ರೋಟೀನುಗಳು ಮಾತ್ರ ಇದ್ದ ಜಾಗದಲ್ಲೇ, ಪೊರೆಯಲ್ಲೇ ಇರ್ತವೆ.

ತಂಗಿ ಒಂದು ಪ್ರೋಟೀನನ್ನ ಗಾಳಕ್ಕೆ ಸಿಗಿಸಿ ಹಾಕಿದ್ಲು. ತಿಂಗಳುಗಟ್ಟಲೆ ಕೂತು ಸೋಸಿದ ಮೇಲೆ ಮೂರು ಉಳಿದವು. ಅದರಲ್ಲಿ ಒಂದು ಎಲ್ಲರೂ ಹುಡುಕ್ತಿರೋ ಥರದ್ದು. ಅದೊಂದು ನಿಂತ್ರೆ ಥೀಸಿಸ್ಸಿನ ಒಂದು ಇಡೀ ಅಧ್ಯಾಯ ಆಗೋದು. ಆದ್ರೆ ನಿಯಮ ಅಂದ್ರೆ, ಸಂಬಂಧವೇ ಇಲ್ಲದ ಬೇರೊಂದು ಪ್ರೋಟೀನಿನ ಜೊತೆಗೂ ಇಟ್ಟು ನೋಡಬೇಕು. ಎಲ್ಲರಿಗೂ ಅಂಟಿಕೊಳ್ಳೋ ಪ್ರೋಟೀನುಗಳು ಬೇಕಾದಷ್ಟಿವೆ.

ನಾಲ್ಕನೇ ದಿನ ಫೋಟೋ ಕಳಿಸಿದ್ಲು. ಆ ತಟ್ಟೆಯಲ್ಲೂ ಬೆಳ್ಳಗೆ, ದಪ್ಪಗೆ ಬೆಳೆದು ಕೂತಿತ್ತು. "ಹೋಯ್ತು ಕಣೋ ಅಣ್ಣ" ಅಂದ್ಲು. ನಾನು ಇನ್ನೊಂದ್ಸಲ ಮಾಡಿ ನೋಡೇ ಅಂದೆ. ಮೂರು ಸಲ ಆಯ್ತಂತೆ.

ಉಳಿದೆರಡು ಆ ತಟ್ಟೆಯಲ್ಲಿ ಬೆಳೆದಿಲ್ಲ. ಅವುಗಳ ಹೆಸರು ಅವಳ ಗೈಡೂ ಹೆಚ್ಚು ಕೇಳಿಲ್ವಂತೆ. ಮುಂದಿನ ವಾರದಿಂದ ಅವುಗಳನ್ನ ಮನುಷ್ಯರ ಜೀವಕೋಶಗಳಲ್ಲಿ ಇಟ್ಟು ನೋಡ್ತಾಳೆ.